ಚಂದ್ರ ನಮ್ಮ ಸ್ಕೂಟರ್ ಜೊತೆ ಯಾಕೆ ಬರ್ತಾನೆ? ನಾಲ್ಕೂವರೆ ವರ್ಷದ ಮಗಳಿಗೆ ಏನು ಹೇಳೋಣ?

ಕುವೆಂಪುನಗರದಪ್ಪ · ಭಾನುವಾರ, ರಾತ್ರಿ 10:20

ಮೈಸೂರಿನವನು. ಮಗಳಿಗೆ ನಾಲ್ಕೂವರೆ ವರ್ಷ. ಎಲ್‌ಕೆಜಿಗೆ ಹೋಗೋದು ಅವಳು, ದಿನಾ ಪರೀಕ್ಷೆ ಬರೆಯೋದು ನಾವು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ 'ಯಾಕೆ' ರಾತ್ರಿ ದೀಪ ಆರಿಸಿದ ಮೇಲೂ ಕತ್ತಲಲ್ಲಿ ಮುಂದುವರಿಯುತ್ತೆ. ಇವತ್ತು ಬರೆಯಲು ಕಾರಣ ಚಂದ್ರ.

ಮೊನ್ನೆ ಹುಣ್ಣಿಮೆ ಮಾರನೇ ದಿನ, ವಿಜಯನಗರದ ಅಕ್ಕನ ಮನೆಯಲ್ಲಿ ಊಟ ಮುಗಿಸಿ ರಿಂಗ್ ರೋಡಿನಲ್ಲಿ ಬರುತ್ತಿದ್ದೆವು. ಮಗಳು ಸ್ಕೂಟರ್‌ನಲ್ಲಿ ನನ್ನ ಮುಂದೆ ನಿಂತಿದ್ದಳು. "ಅಪ್ಪಾ, ಚಂದ್ರ ನಮ್ಮ ಜೊತೆಗೇ ಬರ್ತಿದ್ದಾನೆ." ಹೌದು ಕಣಮ್ಮ ಅಂದೆ. "ಆ ಲೈಟ್ ಕಂಬ ಬರ್ತಿಲ್ಲ. ಬೇಕರಿ ಬರ್ತಿಲ್ಲ. ಚಂದ್ರ ಮಾತ್ರ ಯಾಕೆ?" ಮನೆಗೆ ಹೋಗಿ ಹೇಳ್ತೀನಿ ಅಂತ ತಪ್ಪಿಸಿಕೊಂಡೆ.

ಮನೆಯಲ್ಲಿ ನಮ್ಮಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನೀನು ಊಟ ಮಾಡಿದ್ಯಾ ಇಲ್ವಾ ಅಂತ ನೋಡೋಕೆ ಮನೆವರೆಗೂ ಬಂದ, ಚಂದಮಾಮ ಅಲ್ವಾ." ಹೆಂಡತಿಗೆ ಇದು ಸರಿ ಬರಲಿಲ್ಲ. "ಅವನು ಬರಲ್ಲ ಪುಟ್ಟಿ. ತುಂಬಾ ದೂರ ಇದ್ದಾನೆ, ಅದಕ್ಕೆ ಬಂದ ಹಾಗೆ ಕಾಣುತ್ತೆ." ಅಮ್ಮ: "ಅಷ್ಟು ಮಗೂಗೆ ಅದೆಲ್ಲಾ ಏನು ಅರ್ಥ ಆಗುತ್ತೆ?" ಹೆಂಡತಿ: "ಸುಳ್ಳು ಮಾತ್ರ ಅರ್ಥ ಆಗುತ್ತಾ?" ನಾನು ಚಾರ್ಜರ್ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಮಾರನೇ ದಿನ ರಾತ್ರಿ ಮಗಳು ನಮ್ಮಿಬ್ಬರನ್ನೂ ರಸ್ತೆಗೆ ಕರೆದುಕೊಂಡು ಹೋದಳು. ಅಜ್ಜಿ ಪಾರ್ಕ್ ಕಡೆ ನಡೆಯಬೇಕು, ನಾನು ಹಾಲಿನ ಬೂತ್ ಕಡೆ. ಇವಳು ಮಧ್ಯ ಗೇಟಿನ ಹತ್ತಿರ ನಿಲ್ತಾಳೆ. ನಡೆದು ವಾಪಸ್ ಬಂದೆವು. "ಚಂದ್ರ ಯಾರ ಜೊತೆ ಬಂದ?" ಅಜ್ಜಿ, ನನ್ನ ಜೊತೆ ಅಂದರು. ನಾನೂ ನನ್ನ ಜೊತೆ ಅಂದೆ. ಸ್ವಲ್ಪ ಹೊತ್ತು ಇಬ್ಬರ ಮುಖ ನೋಡಿ ಹೇಳಿದಳು: "ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದೀರ."

ಈಗ ಹೇಳಿ. ಈ ವಯಸ್ಸಿಗೆ ಸರಿಯಾದ ಉತ್ತರ ಕೊಡಬೇಕಾ, ಚೆಂದದ ಉತ್ತರ ಸಾಕಾ? ಮನೆಯಲ್ಲಿ ಎರಡು ಪಕ್ಷ ಆಗಿದೆ. ನಾನು ಇನ್ನೂ ಪಕ್ಷೇತರ.

ಖಡಕ್ ಚಹಾ · ಭಾನುವಾರ, ರಾತ್ರಿ 10:41

ಮೊದಲು ಮಗುವಿಗೆ ಹೆಲ್ಮೆಟ್ ಹಾಕಿಸಿ. ನಾಲ್ಕು ವರ್ಷ ದಾಟಿದವರಿಗೆಲ್ಲ ಕಡ್ಡಾಯ. ಚಂದ್ರನ ವಿಷಯ ಆಮೇಲೆ ನೋಡೋಣ.

ಕುವೆಂಪುನಗರದಪ್ಪ · ಭಾನುವಾರ, ರಾತ್ರಿ 10:44

ಹಾಕಿದ್ದಳು ಸರ್. ಹೆಲ್ಮೆಟ್ ಗಾಜಿನೊಳಗಿಂದಲೇ ನೋಡಿದ್ದು. "ಗಾಜು ತೆಗೆದರೂ ಬರ್ತಾನಾ?" ಅನ್ನೋದು ಎರಡನೇ ಪ್ರಶ್ನೆಯಾಗಿತ್ತು.

ಹಾಸನದ ಮೇಷ್ಟ್ರು · ಭಾನುವಾರ, ರಾತ್ರಿ 11:15

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಭೇಷ್ ಹೇಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಇಂಥ ಪ್ರಯೋಗ ಮಾಡಿದ ವಿದ್ಯಾರ್ಥಿ ಸಿಗಲಿಲ್ಲ. ಜೀನ್ ಪಿಯಾಜೆ ಅಂತ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞರು 1920ರ ದಶಕದಲ್ಲಿ ಮಕ್ಕಳಿಗೆ ಹೆಚ್ಚುಕಡಿಮೆ ಇದೇ ಪ್ರಶ್ನೆ ಹಾಕಿದ್ದರು. ಇಬ್ಬರು ಒಬ್ಬರಿಗೊಬ್ಬರು ವಿರುದ್ಧ ದಿಕ್ಕಿಗೆ ಹೋದರೆ ಚಂದ್ರ ಯಾರ ಜೊತೆ ಹೋಗುತ್ತಾನೆ ಅಂತ. ಅಲ್ಲಿ ಪ್ರಶ್ನೆ ಹಾಕಿದ್ದು ದೊಡ್ಡವರು. ಇಲ್ಲಿ ಮಗುವೇ ದೊಡ್ಡವರನ್ನು ನಡೆಸಿ ನೋಡಿದ್ದಾಳೆ.

ಚಂದ್ರ ಇರೋದು ಸರಾಸರಿ 3,84,000 ಕಿ.ಮೀ. ದೂರದಲ್ಲಿ. ನೀವು ರಿಂಗ್ ರೋಡಿನಲ್ಲಿ ಐದು ಕಿ.ಮೀ. ಬಂದರೆ ಅವನು ಕಾಣುವ ದಿಕ್ಕು ಕಣ್ಣಿಗೆ ಗೊತ್ತಾಗುವಷ್ಟು ಬದಲಾಗಲ್ಲ. ಆದರೆ ಈ ಲೆಕ್ಕ ನಿಮಗೆ, ಮಗುವಿಗಲ್ಲ. ಮಗುವಿಗೆ ತೋರಿಸೋಕೆ ನಿಮ್ಮೂರಲ್ಲೇ ಒಂದು ಒಳ್ಳೇ ಸಾಧನ ಇದೆ, ಚಾಮುಂಡಿ ಬೆಟ್ಟ. ಅದೇ ರಸ್ತೆಯಲ್ಲಿ ಹೋಗುವಾಗ ಮೂರನ್ನು ಒಟ್ಟಿಗೆ ನೋಡಲಿ. ಪಕ್ಕದ ಕಂಬ ಸರ್ರನೆ ಹಿಂದೆ ಓಡುತ್ತೆ. ಬೆಟ್ಟದ ದೀಪಗಳು ಸ್ವಲ್ಪ ದೂರ ಜೊತೆಗೆ ಬಂದು ನಿಧಾನಕ್ಕೆ ಹಿಂದೆ ಸರಿಯುತ್ತವೆ. ಚಂದ್ರ ಸರಿಯೋದೇ ಇಲ್ಲ. "ದೂರ ಇದ್ದಷ್ಟೂ ನಿಧಾನ" ಅನ್ನೋದನ್ನು ಅವಳೇ ಹೇಳ್ತಾಳೆ. ಹೇಳದಿದ್ದರೂ ಪರವಾಗಿಲ್ಲ.

ಮಲೆನಾಡಜ್ಜಿ · ಸೋಮವಾರ, ಬೆಳಿಗ್ಗೆ 6:05

ಮೊಮ್ಮಗ ಫೋನಿಗೆ ಮಾತಾಡಿದರೆ ಬರೆಯುವ ಹಾಗೆ ಮಾಡಿಕೊಟ್ಟಿದ್ದಾನೆ. ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನಾನು ನಿಮ್ಮಮ್ಮನ ಪಕ್ಷ. ಚಂದ್ರ ನಿನ್ನ ನೋಡಲಿಕ್ಕೆ ಬಂದ ಅಂದರೆ ಯಾರ ಗಂಟು ಹೋಯಿತು? ನಾನು ನಾಲ್ಕು ಮಕ್ಕಳು, ಆರು ಮೊಮ್ಮಕ್ಕಳಿಗೆ ಅದನ್ನೇ ಹೇಳಿದ್ದು. ಅದರಲ್ಲಿ ಒಬ್ಬ ಇಂಜಿನಿಯರ್, ಒಬ್ಬಳು ಭೌತಶಾಸ್ತ್ರ ಓದಿದವಳು. ಯಾರೂ ಚಂದ್ರನಿಗೆ ಕಾಲಿದೆ ಅಂದುಕೊಂಡು ಉಳಿಯಲಿಲ್ಲ.

ಇನ್ನೊಂದು ಮಾತು. ನಮ್ಮ ಸಾಗರದ ಕಡೆ ಅಡಿಕೆ ಕೊಯ್ಲಿನಲ್ಲಿ ಜಗಲಿ ಮೇಲೆ ಹತ್ತು ಜನ ಕೂತು ರಾತ್ರಿ ಎಲ್ಲಾ ಅಡಿಕೆ ಸುಲಿಯುತ್ತಿದ್ದೆವು. ಮಗು ಒಂದು ಪ್ರಶ್ನೆ ಕೇಳಿದರೆ ಹತ್ತು ಉತ್ತರ ಬರುತ್ತಿತ್ತು. ಒಂದು ತಮಾಷೆಯದು, ಒಂದು ಬೈಗುಳ, ಒಂದು ಕತೆ, ಯಾರೋ ಒಬ್ಬರದು ಸರಿ ಉತ್ತರ. ಮಗು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿತ್ತು. ಈಗ ಮನೆಯಲ್ಲಿ ಇಬ್ಬರು ದೊಡ್ಡವರು, ಅವರ ಕೈಯಲ್ಲಿ ಎರಡು ಫೋನು. ಹತ್ತು ಜನರ ಕೆಲಸ ಇಬ್ಬರೇ ಮಾಡಬೇಕಾದರೆ ಸುಸ್ತಾಗದೆ ಏನಾಗುತ್ತದೆ? ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾಳೆ. ಎರಡು ಉತ್ತರ ಸಿಕ್ಕಿತು. ಸಂತೋಷ ಪಡಿ.

ಕುವೆಂಪುನಗರದಪ್ಪ · ಸೋಮವಾರ, ಬೆಳಿಗ್ಗೆ 8:50

ಅಜ್ಜಿ, ಇದನ್ನು ನಮ್ಮಮ್ಮನಿಗೆ ಜೋರಾಗಿ ಓದಿ ಹೇಳಿದೆ. ಇವತ್ತು ತಿಂಡಿಗೆ ನನಗೆ ಒಂದು ಅಕ್ಕಿರೊಟ್ಟಿ ಜಾಸ್ತಿ ಸಿಕ್ಕಿತು. ಹೆಂಡತಿಗೆ ಇನ್ನೂ ಓದಿಲ್ಲ.

ದಾವಣಗೆರೆ ಬೆಣ್ಣೆ · ಸೋಮವಾರ, ಮಧ್ಯಾಹ್ನ 1:30

ಅಜ್ಜಿ ಕ್ಷಮಿಸಬೇಕು, ಚೆಂದದ ಉತ್ತರದಿಂದ ನಮಗೆ ಏಳುನೂರು ರೂಪಾಯಿ ಖರ್ಚಾಗಿದೆ.

ನನ್ನ ಮಗನಿಗೆ ನಾಲ್ಕು ವರ್ಷ. ಕಿತ್ತಳೆ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತೆ ಅಂತ ನಮ್ಮ ಮಾವನವರು ಹೇಳಿದರು. ಎಲ್ಲರ ಮನೆಯಲ್ಲೂ ಹೇಳೋದೇ. ಮಗ ಹೆದರಲಿಲ್ಲ. ಅವನಿಗೆ ಗಿಡ ಬೇಕಾಗಿತ್ತು! ಎರಡು ದಿನ ಯೋಚನೆ ಮಾಡಿದ್ದಾನೆ. ಹೊಟ್ಟೆಯೊಳಗೆ ಕತ್ತಲು, ಬಿಸಿಲು ಬರಲ್ಲ. ಮೂಗಿನಲ್ಲಿ ನೀರೂ ಇದೆ, ಗಾಳಿಯೂ ಇದೆ. ಹಾಗಾಗಿ ಬೀಜವನ್ನು ಬಲ ಮೂಗಿಗೆ ಏರಿಸಿದ್ದಾನೆ. ನಮಗೆ ಗೊತ್ತಾಗಿದ್ದು ಸಂಜೆ, ಕನ್ನಡಿ ಮುಂದೆ ನಿಂತು ಎಲೆ ಬಂತಾ ಅಂತ ನೋಡುತ್ತಿದ್ದಾಗ. ಮೂಗಿನ ಡಾಕ್ಟರು ಎರಡು ನಿಮಿಷದಲ್ಲಿ ತೆಗೆದರು. ಬೀಜವನ್ನು ಕಾಗದದಲ್ಲಿ ಸುತ್ತಿ ಅವನ ಕೈಗೇ ಕೊಟ್ಟು "ಇದನ್ನು ಕುಂಡದಲ್ಲಿ ಹಾಕು" ಅಂದರು. ಈಗ ದಿನಾ ಕುಂಡಕ್ಕೆ ನೀರು.

ಬಿಳಿ ಕೋಟು · ಸೋಮವಾರ, ಮಧ್ಯಾಹ್ನ 2:10

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ನಗು ಬಂತು, ಆದರೂ ಎರಡು ಮಾತು ಹೇಳಿಬಿಡುತ್ತೇನೆ.

ಮೂಗಿಗೆ ಏನಾದರೂ ಹಾಕಿಕೊಂಡರೆ ಪಿನ್ನು, ಹತ್ತಿಕಡ್ಡಿ, ಬೆರಳು ಯಾವುದನ್ನೂ ಹಾಕಿ ತೆಗೆಯೋಕೆ ಹೋಗಬೇಡಿ. ಇನ್ನೂ ಒಳಗೆ ಹೋಗುತ್ತೆ. ನೀರು, ಎಣ್ಣೆ ಬಿಡಬೇಡಿ. ಕಡಲೆ, ಹೆಸರುಕಾಳು ಅಂಥದ್ದಾದರೆ ನೆನೆದು ಊದಿಕೊಳ್ಳುತ್ತೆ. ಮಗುವಿಗೆ ಮೂಗು ಸೀಟುವುದು ಗೊತ್ತಿದ್ದರೆ ಇನ್ನೊಂದು ಮೂಗಿನ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಊದಲು ಹೇಳಿ. ಬರಲಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ.

ಒಂದು ವಿಷಯದಲ್ಲಿ ಮಾತ್ರ ಕಾಯಲೇಬಾರದು. ಆಟಿಕೆ, ರಿಮೋಟ್, ಗಡಿಯಾರದಲ್ಲಿ ಇರುವ ಗುಂಡಗಿನ ಬಟನ್ ಬ್ಯಾಟರಿ. ಮೂಗಿಗೆ ಹೋಗಲಿ, ನುಂಗಲಿ, ಎರಡು ಗಂಟೆಯೊಳಗೇ ಒಳಗಿನ ಚರ್ಮ ಸುಡಲು ಶುರುವಾಗಬಹುದು. ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಇವತ್ತೇ ಮನೆಯಲ್ಲಿರೋ ಆಟಿಕೆಗಳ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಇಲ್ಲದಿದ್ದರೆ ಟೇಪ್ ಸುತ್ತಿ. ಹಾಗೇ ಐದು ವರ್ಷ ಆಗುವವರೆಗೂ ಇಡೀ ಕಡಲೆಬೀಜ ಬೇಡ, ಪುಡಿ ಮಾಡಿ ಕೊಡಿ.

ಖಡಕ್ ಚಹಾ · ಸೋಮವಾರ, ಸಂಜೆ 5:00

ಎಲ್ಲರೂ ಮಕ್ಕಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದೀರಿ. ನಮ್ಮಪ್ಪ ಒಂದು ಸಲ ಕಣ್ಣು ಬಿಟ್ಟು ನೋಡಿದರೆ ಸಾಕಿತ್ತು, 'ಯಾಕೆ' ಅನ್ನೋ ಶಬ್ದವೇ ಗಂಟಲಲ್ಲಿ ನಿಲ್ಲುತ್ತಿತ್ತು. ನಾವೇನು ಹಾಳಾಗಿ ಹೋದೆವಾ?

ಕುಡ್ಲದ ಅಮ್ಮ · ಸೋಮವಾರ, ಸಂಜೆ 5:20

ಹಾಳಾಗಲಿಲ್ಲ ಮಾರಾಯ್ರೆ. ಆದರೆ ಆಗ ಕೇಳದೆ ಇದ್ದದ್ದನ್ನು ಈಗ ಇಲ್ಲಿ ಬಂದು ಕೇಳುತ್ತಿದ್ದೀರಲ್ಲ!

ನಮ್ಮಲ್ಲಿ ನಿನ್ನೆ ಆದದ್ದು ಹೇಳುತ್ತೇನೆ. ಬಾಗಿಲು ಹಾಕುವಾಗ ಹಲ್ಲಿಯ ಬಾಲ ಸಿಕ್ಕಿ ಕಳಚಿತು. ಹಲ್ಲಿ ಗೋಡೆ ಹತ್ತಿ ಓಡಿತು, ಬಾಲ ನೆಲದಲ್ಲಿ ಕುಣಿಯುತ್ತಾ ಇತ್ತು. ಮಗಳು ಕೂತು ನೋಡಿ ಕೇಳಿದ್ದು: "ಅಮ್ಮಾ, ಈಗ ಹಲ್ಲಿ ಯಾವುದು? ಓಡಿದ್ದಾ, ಕುಣಿಯುವುದಾ?" ನಾನು ಎಂತ ಹೇಳುವುದು? ಬೆಕ್ಕು, ಕಾಗೆ ಕುಣಿಯುವ ಬಾಲ ನೋಡುತ್ತಾ ಇರುವಾಗ ಹಲ್ಲಿ ತಪ್ಪಿಸಿಕೊಳ್ಳುತ್ತದೆ, ಆಮೇಲೆ ಹೊಸ ಬಾಲ ಬರುತ್ತದೆ ಅಂತ ಹೇಳಿದೆ. ಹೊಸ ಬಾಲದಲ್ಲಿ ಮೂಳೆ ಇರುವುದಿಲ್ಲ, ಮೃದ್ವಸ್ಥಿ ಇರುತ್ತದೆ ಅಂತ ನಾನೇ ಆಮೇಲೆ ಓದಿ ತಿಳಿದದ್ದು. ಆದರೆ ಅವಳು ಕೇಳಿದ್ದು ಅದಲ್ಲ. ಯಾವುದು ಹಲ್ಲಿ ಅಂತ ಕೇಳಿದ್ದು. ಅದಕ್ಕೆ ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ.

ಅಂಗನವಾಡಿ ಟೀಚರ್ · ಸೋಮವಾರ, ರಾತ್ರಿ 9:05

ನಮ್ಮದು ತಿ. ನರಸೀಪುರ ತಾಲೂಕು. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ಮೊದಲು ಶುರುವಾದದ್ದು ನಮ್ಮಲ್ಲೇ ಅಂತ ಹೇಳಿಕೊಳ್ಳೋಕೆ ನಮಗೆ ಒಂಥರಾ ಖುಷಿ. ಮೂರರಿಂದ ಆರು ವರ್ಷದವರು ಇಪ್ಪತ್ತೆರಡು ಮಕ್ಕಳು ನನ್ನ ಹತ್ತಿರ ಇದ್ದಾರೆ. ನಿಮಗೆ ಒಂದು 'ಯಾಕೆ', ನನಗೆ ಇಪ್ಪತ್ತೆರಡು.

ಮಕ್ಕಳು ಸುಮ್ನೆ ಮಾತಿಗೆಳೆಯೋಕೆ ಕೇಳ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೆಲವು ಸಲ ಹೌದು. ಆದರೆ ನಾನು ನೋಡಿರೋದು ಬೇರೆ. "ಅದು ಹಾಗೇ" ಅಂದರೆ ಅದೇ ಪ್ರಶ್ನೆ ಮತ್ತೆ ಕೇಳ್ತಾರೆ. ಏನೋ ಒಂದು ಕಾರಣ ಸಿಕ್ಕರೆ, ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋಗ್ತಾರೆ. ಅಂದರೆ ಉತ್ತರ ಅವರಿಗೆ ಬೇಕು. ಯಾರು ಹೇಳಿದ್ದು ಟೊಳ್ಳು ಅನ್ನೋದೂ ಗೊತ್ತಾಗುತ್ತೆ.

ಮೊನ್ನೆ ಮೊಟ್ಟೆ ಕೊಡುವ ದಿನ. ಐದು ವರ್ಷದ ಒಬ್ಬಳು ಕೇಳಿದಳು: "ಟೀಚರ್, ಮೊಟ್ಟೆ ಬೇಯಿಸಿದ್ರೆ ಗಟ್ಟಿ ಆಯ್ತದೆ. ಆಲೂಗಡ್ಡೆ ಬೇಯಿಸಿದ್ರೆ ಮೆತ್ತಗಾಯ್ತದೆ. ಬೆಂಕಿ ಒಂದೇ ಅಲ್ವಾ?" ಕೈಯಲ್ಲಿ ಫೋನ್ ಹಿಡಿದುಕೊಂಡು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ ಹಾಕುತ್ತಿದ್ದೆ. ಅಲ್ಲೇ ನಿಲ್ಲಿಸಿಬಿಟ್ಟೆ. ಹದಿನೆಂಟು ವರ್ಷದಿಂದ ಮೊಟ್ಟೆ, ಆಲೂಗಡ್ಡೆ ಎರಡೂ ಬೇಯಿಸುತ್ತಿದ್ದೇನೆ. ಒಂದು ದಿನವೂ ನನಗೆ ಹೊಳೆದಿರಲಿಲ್ಲ. "ನಿನಗೇನು ಅನ್ಸುತ್ತೆ?" ಅಂದೆ. "ಮೊಟ್ಟೆಗೆ ಭಯ ಆಯ್ತದೆ" ಅಂದಳು.

ಮೇಷ್ಟ್ರೇ, ಸರಿ ಉತ್ತರ ಏನು? ಒಂದೇ ಪ್ಯಾರಾದಲ್ಲಿ ಹೇಳಿ.

ಹಾಸನದ ಮೇಷ್ಟ್ರು · ಸೋಮವಾರ, ರಾತ್ರಿ 9:40

ಪ್ರಯತ್ನ ಮಾಡುತ್ತೇನೆ. ಮೊಟ್ಟೆಯೊಳಗೆ ಪ್ರೋಟೀನ್ ಅನ್ನುವುದು ಪುಟ್ಟ ಪುಟ್ಟ ನೂಲಿನುಂಡೆಗಳ ಹಾಗೆ ನೀರಿನಲ್ಲಿ ತೇಲುತ್ತಿರುತ್ತೆ. ಕಾವು ತಗುಲಿದಾಗ ಉಂಡೆಗಳು ಬಿಚ್ಚಿಕೊಳ್ಳುತ್ತವೆ, ಒಂದಕ್ಕೊಂದು ಸಿಕ್ಕು ಬೀಳುತ್ತವೆ. ಸಿಕ್ಕು ಬಿದ್ದ ನೂಲು ಗಟ್ಟಿ. ಆಲೂಗಡ್ಡೆ ಇಟ್ಟಿಗೆ ಗೋಡೆ ಇದ್ದ ಹಾಗೆ. ಇಟ್ಟಿಗೆಗಳ ಮಧ್ಯ ಪೆಕ್ಟಿನ್ ಅನ್ನುವ ಅಂಟು ಇರುತ್ತೆ. ಬಿಸಿನೀರಲ್ಲಿ ಆ ಅಂಟು ಕರಗುತ್ತೆ, ಗೋಡೆ ಸಡಿಲ ಆಗುತ್ತೆ. ಬೆಂಕಿ ಒಂದೇ, ಒಳಗಿರೋದು ಬೇರೆ. "ಭಯ ಆಯ್ತದೆ" ಅನ್ನುವುದು ಅಷ್ಟೇನೂ ದೂರ ಹೋಗಿಲ್ಲ. ಭಯ ಆದರೆ ನಾವೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತೇವಲ್ಲ.

ಡಬ್ಲಿನ್ ಕನ್ನಡತಿ · ಮಂಗಳವಾರ, ಬೆಳಗಿನ ಜಾವ 3:30

ನಮ್ಮ ಮಗನ ಜಗಳ ಸೂರ್ಯನ ಜೊತೆ. ಇಲ್ಲಿ ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ. "ಕತ್ತಲಾದ ಮೇಲೆ ಮಲಗಬೇಕು ಅಂತ ನೀನೇ ಹೇಳಿದ್ದೀಯಲ್ಲ?" ಅನ್ನುತ್ತಿದ್ದ. ಈಗ ಜನವರಿಯಲ್ಲಿ ಐದಕ್ಕೆಲ್ಲ ಕತ್ತಲು. ಹಾಗಾದರೆ ಈಗಲೇ ಮಲಗಲಾ ಅಂತ ಕೇಳುತ್ತಾನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಸಂಜೆ ಐದಕ್ಕೆ ಅರಸೀಕೆರೆಗೆ ವಿಡಿಯೊ ಕಾಲ್ ಮಾಡಿದ್ದೆವು. ಅಲ್ಲಿ ರಾತ್ರಿ ಒಂಬತ್ತೂವರೆ. ಅಜ್ಜಿಯ ಹಿಂದೆ ಕಿಟಕಿಯಲ್ಲಿ ಕತ್ತಲು. ಇವನು "ಅಜ್ಜಿ, ನಿಮ್ಮ ಸೂರ್ಯನ್ನ ಯಾರು ಆಫ್ ಮಾಡಿದ್ರು?" ಅಂದ. "ನೀನು ಆಟ ಆಡ್ಲಿ ಅಂತ ನಿನ್ ಕಡೆಗೆ ಕಳಿಸ್ದೆ ಕಣೋ. ಆಟ ಆಗ್ತಿದ್ದಂಗೆ ವಾಪಸ್ ಕಳ್ಸು, ಬೆಳಿಗ್ಗೆ ರಾಗಿ ಒಣಗಿಸ್ಬೇಕು" ಅಂದರು ಅವರು.

ನಾನು ಮೂಸಂಬಿ, ಟಾರ್ಚು ಇಟ್ಟುಕೊಂಡು ಭೂಮಿ ತಿರುಗೋದನ್ನು ಮೂರು ಸಲ ತೋರಿಸಿದ್ದೆ. ತಲೆಗೆ ಹೋಗಿರಲಿಲ್ಲ. ಅಜ್ಜಿಯ ಮಾತಿನಿಂದ 'ಇಬ್ಬರಿಗೂ ಸೂರ್ಯ ಒಬ್ಬನೇ' ಅನ್ನೋದು ತಲೆಗೆ ಹೋಯಿತು. ಆಮೇಲೆ ಮೂಸಂಬಿಯೂ ಅರ್ಥ ಆಯಿತು. ಎರಡು ಉತ್ತರ ಜಗಳ ಆಡಲೇಬೇಕು ಅಂತೇನಿಲ್ಲ.

ಇನ್ನೊಂದು. ನರ್ಸರಿಗೆ ಹೋಗೋಕೆ ಶುರುಮಾಡಿದ ಮೇಲೆ ಅವನ ಕನ್ನಡ ಒಂದೊಂದೇ ಪದ ಕಳಚಿ ಬೀಳುತ್ತಿದೆ. 'ಯಾಕೆ' ಮಾತ್ರ ಗಟ್ಟಿಯಾಗಿ ಉಳಿದಿದೆ. ಅಜ್ಜಿ ಬೇರೆ ಭಾಷೆಗೆ ಉತ್ತರ ಕೊಡಲ್ಲ ಅಲ್ವಾ, ಅದಕ್ಕೆ.

ಹುಬ್ಬಳ್ಳಿಯಾಕಿ · ಮಂಗಳವಾರ, ರಾತ್ರಿ 11:50

ಎಲ್ಲರ ನಗುವಿನ ಮಧ್ಯ ಇದನ್ನು ಬರೆಯಬೇಕಾ ಅಂತ ಎರಡು ದಿನ ಯೋಚನೆ ಮಾಡಿದೆ. ಬರೆಯುತ್ತೇನೆ.

ಕಾರ್ತಿಕದಲ್ಲಿ ನಮ್ಮ ಮಾವನವರು ತೀರಿಕೊಂಡರು. ಮಗನಿಗೆ ಆಗಷ್ಟೇ ನಾಲ್ಕು ತುಂಬಿತ್ತು. ದಿನಾ ಸಂಜೆ ಅಜ್ಜನ ಕೈ ಹಿಡಿದು ಚುರುಮುರಿ ತರೋಕೆ ಹೋಗುತ್ತಿದ್ದವನು. "ಅಜ್ಜ ಎಲ್ಲಿ?" ಅಂದ. ಮನೆ ತುಂಬ ಜನ. ಯಾರೋ "ಅಜ್ಜ ಊರಿಗೆ ಹೋಗ್ಯಾನ" ಅಂದರು. ನಮಗೂ ಆಗ ಅದೇ ಸರಿ ಅನಿಸಿತು. ನಾವೂ ಅದನ್ನೇ ಹೇಳಿದೆವು.

ಮೊದಲ ವಾರ "ಯಾವಾಗ ಬರ್ತಾನ?" ಅಂತ ಕೇಳುತ್ತಿದ್ದ. ಎರಡನೇ ವಾರ ಸಿಟ್ಟು ಬಂತು. ನನಗೆ ಹೇಳದೆ ಹೋದ, ಚಾಳೀಸು ಇಲ್ಲೇ ಬಿಟ್ಟು ಹೋದ, ಅವನ ಜೊತೆ ಟೂ ಬಿಟ್ಟೀನಿ ಅಂತ. ಅದಾದ ಮೇಲೆ ಒಂದು ದಿನ ನಮ್ಮ ಮನೆಯವರು ಕೆಲಸದ ಮೇಲೆ ಗದಗಕ್ಕೆ ಹೊರಟರು. "ಊರಿಗೆ ಹೋಗಿ ಬರ್ತೀನಿ" ಅಂದರು, ಯಾವಾಗಲೂ ಹೇಳುವ ಹಾಗೆ. ಮಗ ಚೀರಿದ್ದು ಇನ್ನೂ ಕಿವಿಯಲ್ಲಿದೆ. ಅಪ್ಪನ ಚಪ್ಪಲಿ ಕಾಣಲಿಲ್ಲ. ಹುಡುಕಿದರೆ ಜೋಳದ ಡಬ್ಬಿಯೊಳಗೆ ಹುಗಿದಿಟ್ಟಿದ್ದ.

ಅವತ್ತು ಗದಗ ರದ್ದಾಯಿತು. ಪರಿಚಯದ ಆಪ್ತಸಮಾಲೋಚಕರೊಬ್ಬರಿಗೆ ಫೋನ್ ಮಾಡಿದೆವು. ಊರಿಗೆ ಹೋದರು, ಮಲಗಿದ್ದಾರೆ, ದೇವರು ಕರಕೊಂಡ ಅನ್ನೋದು ಬೇಡ, ಸತ್ತರು ಅನ್ನೋ ಪದವನ್ನೇ ಬಳಸಿ ಅಂದರು. ಅಷ್ಟು ಸಣ್ಣ ಮಗುವಿಗೆ ಆ ಪದ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವನ ಅಪ್ಪನೇ ಹೇಳಿದರು. "ಅಜ್ಜ ಸತ್ತಾನ. ಅವನ ಮೈ ಕೆಲಸ ಮಾಡೂದು ನಿಂತೈತಿ. ಉಸಿರಾಡಂಗಿಲ್ಲ. ಹಸಿವು ಆಗಂಗಿಲ್ಲ. ನೋವು ಆಗಂಗಿಲ್ಲ. ಮತ್ತ ಬರಂಗಿಲ್ಲ." ಮಗ ಕೇಳಿದ: "ಥಂಡಿ?" ಥಂಡೀನೂ ಆಗಂಗಿಲ್ಲ ಅಂದರು. ಎದ್ದು ಆಟಕ್ಕೆ ಹೋದ. ಮರುದಿನ ಅದನ್ನೇ ಮತ್ತೆ ಕೇಳಿದ, ಅದರ ಮರುದಿನವೂ. ಅದೇ ಉತ್ತರ ಕೊಟ್ಟೆವು. ಐದನೇ ದಿನ ಚಪ್ಪಲಿ ತಾನೇ ತಂದು ಅಪ್ಪನ ಮುಂದೆ ಇಟ್ಟ.

ಚಂದ್ರನ ವಿಷಯದಲ್ಲಿ ಅಜ್ಜಿ ಹೇಳಿದ್ದಕ್ಕೆ ನನ್ನದೇನೂ ತಕರಾರಿಲ್ಲ. ಚಂದ್ರ ನಾಳೆಯೂ ಬರ್ತಾನೆ. ಮಗು ತಾನೇ ಪರೀಕ್ಷೆ ಮಾಡಿ ನೋಡಬಹುದು. ನಮ್ಮ ಮಗನಿಗೆ ಪರೀಕ್ಷೆ ಮಾಡೋಕೆ ಏನೂ ಇರಲಿಲ್ಲ. ನಾವು ಹೇಳಿದ್ದೇ ಅವನಿಗೆ ಇದ್ದದ್ದು.

ಮಲೆನಾಡಜ್ಜಿ · ಬುಧವಾರ, ಬೆಳಿಗ್ಗೆ 5:50

ಮಗಾ, ಓದಿಸಿಕೊಂಡು ಕೇಳಿದೆ. ನನ್ನ ತಮ್ಮ ಹೋದಾಗ ನನಗೆ ಐದು ವರ್ಷ. ತೋಟಕ್ಕೆ ಹೋಗಿದ್ದಾನೆ ಅಂದಿದ್ದರು. ಎಷ್ಟೋ ದಿನ ತೋಟದ ಬಾಗಿಲಲ್ಲಿ ಕೂರುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನೀನು ಮಾಡಿದ್ದು ಸರಿ.

ಅಂಗನವಾಡಿ ಟೀಚರ್ · ಬುಧವಾರ, ಬೆಳಿಗ್ಗೆ 7:30

ಹುಬ್ಬಳ್ಳಿ ಅಕ್ಕ, ನಿಮ್ಮ ಯಜಮಾನರು ಹೇಳಿದ ಆ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ನಮ್ಮ ಕೇಂದ್ರದಲ್ಲೂ ಒಬ್ಬ ಇದ್ದಾನೆ. ಅವನ ಅಮ್ಮ ತೀರಿಕೊಂಡು ಮೂರು ತಿಂಗಳಾಯಿತು. ಅವಳು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾಳೆ ಅಂತ ಮನೆಯವರು ಹೇಳಿದ್ದಾರೆ. ಇವತ್ತು ಅವನ ಅಜ್ಜಿ ಹತ್ತಿರ ಮಾತಾಡುತ್ತೇನೆ.

ಕುವೆಂಪುನಗರದಪ್ಪ · ಬುಧವಾರ, ರಾತ್ರಿ 10:05

ಹುಬ್ಬಳ್ಳಿ ಮೇಡಂ ಬರೆದದ್ದನ್ನು ಮನೆಯಲ್ಲಿ ಮೂವರೂ ಕೂತು ಓದಿದೆವು. ಅಮ್ಮ ಏನೂ ಮಾತಾಡಲಿಲ್ಲ. ಹೆಂಡತಿಯೂ. ನಮ್ಮಪ್ಪ ತೀರಿಕೊಂಡು ಎರಡು ವರ್ಷ. ಮಗಳಿಗೆ ನಾವು "ತಾತ ನಕ್ಷತ್ರ ಆಗಿದ್ದಾರೆ" ಅಂತ ಹೇಳಿಟ್ಟಿದ್ದೇವೆ. ಅದನ್ನೇನು ಮಾಡೋದು ಅಂತ ಈಗ ಯೋಚನೆ.

ಮೇಷ್ಟ್ರು ಹೇಳಿದ ಹಾಗೆ ನಿನ್ನೆ ಮತ್ತೆ ರಿಂಗ್ ರೋಡಿಗೆ ಹೋಗಿದ್ದೆವು. ಆದರೆ ಚಂದ್ರ ಬಂದಿರಲೇ ಇಲ್ಲ! ಒಂಬತ್ತೂವರೆವರೆಗೂ ಕಾದೆವು.

ಹಾಸನದ ಮೇಷ್ಟ್ರು · ಬುಧವಾರ, ರಾತ್ರಿ 10:30

ಹುಣ್ಣಿಮೆ ಆದ ಮೇಲೆ ಅವನು ದಿನಾ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ಈಗ ಬೆಳಿಗ್ಗೆ ಶಾಲೆಗೆ ಹೋಗುವಾಗ ಪಶ್ಚಿಮದ ಕಡೆ ನೋಡಿ, ಬಿಳಿಯಾಗಿ ಕಾಣಿಸುತ್ತಾನೆ. ಹಗಲಲ್ಲಿ ಚಂದ್ರ ಇರಲ್ಲ ಅಂತ ಹೇಳಿದ್ದರೆ ಅದಕ್ಕೂ ತಯಾರಾಗಿರಿ.

ನಕ್ಷತ್ರದ ವಿಷಯ. ನನಗೆ ಅದಕ್ಕೆ ಉತ್ತರ ಗೊತ್ತಿಲ್ಲ. ನನ್ನ ಹೆಂಡತಿ ಹೋದಾಗ ಮೊಮ್ಮಗಳಿಗೆ ನಾನೂ ಅದನ್ನೇ ಹೇಳಿದ್ದೆ. ನಕ್ಷತ್ರ ಅಂದರೆ ಏನು ಅಂತ ಮೂವತ್ತು ವರ್ಷ ಪಾಠ ಮಾಡಿದವನು.

ಡಬ್ಲಿನ್ ಕನ್ನಡತಿ · ಗುರುವಾರ, ಬೆಳಗಿನ ಜಾವ 2:45

ಸ್ವಲ್ಪ ವಿಷಯ ಬದಲಿಸುತ್ತೇನೆ, ಯಾರೂ ಬೇಜಾರಾಗಬೇಡಿ. ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ? ಬೆಳಿಗ್ಗೆಯಿಂದ ಕೇಳುತ್ತಿದ್ದಾನೆ.

ದಾವಣಗೆರೆ ಬೆಣ್ಣೆ · ಗುರುವಾರ, ಬೆಳಿಗ್ಗೆ 9:15

ಇದು ನನಗೆ ಗೊತ್ತು, ಮೇಷ್ಟ್ರಿಗೆ ಬಿಡಲ್ಲ! ಎರಡು ಲೋಟ ತಗೊಳ್ಳಿ. ಒಂದರಲ್ಲಿ ನೀರು, ಒಂದರಲ್ಲಿ ತಣ್ಣಗಿನ ಹಾಲು. ಸ್ಟ್ರಾ ಕೊಟ್ಟು ಎರಡಕ್ಕೂ ಊದಲು ಹೇಳಿ. ನೀರಿನ ಗುಳ್ಳೆ ಟಪ್ ಅಂತ ಒಡೆಯುತ್ತೆ. ಹಾಲಿನ ಗುಳ್ಳೆ ಒಡೆಯದೆ ಒಂದರ ಮೇಲೊಂದು ಏರುತ್ತೆ. ಹಾಲಿನ ಪ್ರೋಟೀನು ಗುಳ್ಳೆಗೆ ಅಂಗಿ ತೊಡಿಸುತ್ತೆ. ಕಾಯಿಸಿದಾಗ ಮೇಲೆ ಕೆನೆ ಬೇರೆ ಮುಚ್ಚುತ್ತೆ, ಒಳಗಿನ ಆವಿಗೆ ದಾರಿ ಇಲ್ಲ, ಎಲ್ಲಾ ಒಟ್ಟಿಗೆ ಎದ್ದು ಬರುತ್ತೆ. ನೆಲಕ್ಕೆ ಮೊದಲು ಪೇಪರ್ ಹಾಸಿ. ನಾನು ಹಾಸಿರಲಿಲ್ಲ.

ಕುಡ್ಲದ ಅಮ್ಮ · ಗುರುವಾರ, ಬೆಳಿಗ್ಗೆ 9:40

ಹಾಗಾದರೆ ನೀರುದೋಸೆ ಹಿಟ್ಟು ಹುಳಿ ಬರಿಸುವುದಿಲ್ಲ, ಆದರೂ ತೂತು ಯಾಕೆ ಅಂತ ನನ್ನ ಮಗಳಿಗೆ ನೀವೇ ಹೇಳಬೇಕು. ಉದ್ದಿನದೋಸೆಯ ತೂತು ಹಿಟ್ಟು ಉಬ್ಬಿದಾಗಿನ ಗಾಳಿಯಿಂದ ಅಂತ ಹೇಳಿ ನಾನು ಸಿಕ್ಕಿಬಿದ್ದಿದ್ದೇನೆ.

ಖಡಕ್ ಚಹಾ · ಗುರುವಾರ, ಬೆಳಿಗ್ಗೆ 9:44

ಎಲ್ಲರ ಮನೆ ದೋಸೆನೂ ತೂತೇ. ಮುಗೀತು.

ಹಾಸನದ ಮೇಷ್ಟ್ರು · ಗುರುವಾರ, ಬೆಳಿಗ್ಗೆ 10:00

ನೀರುದೋಸೆಯಲ್ಲಿ ಗಾಳಿ ಅಲ್ಲ, ಆವಿ. ಹಿಟ್ಟು ತೆಳು, ಕಾವಲಿ ಜೋರು ಕಾದಿರುತ್ತೆ. ಬಿದ್ದ ಕೂಡಲೇ ನೀರು ಆವಿಯಾಗಿ ಮೇಲೆ ಸಿಡಿಯುತ್ತೆ, ದಾರಿ ತೂತಾಗಿ ಉಳಿಯುತ್ತೆ. ಕಾವಲಿ ಕಾಯದಿದ್ದರೆ ತೂತು ಬರಲ್ಲ, ನೀವೇ ನೋಡಿರುತ್ತೀರಿ.

ಮೈಸೂರಿನವರಿಗೆ ಒಂದು ಮಾತು, ಮರೆಯುವ ಮುಂಚೆ. ಏಪ್ರಿಲ್‌ವರೆಗೆ ಕಾಯಿರಿ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ, ನಿಮ್ಮಲ್ಲಿ ಅದಕ್ಕಿಂತ ಒಂದೆರಡು ದಿನ ಮೊದಲು, ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ದೆಹಲಿಯವರಿಗೆ ಈ ಭಾಗ್ಯ ಯಾವತ್ತೂ ಇಲ್ಲ. ನಮಗೆ ವರ್ಷಕ್ಕೆ ಎರಡು ಸಲ. ನಿಮ್ಮ ಮಗಳಿಗೆ ತೋರಿಸಿ.

ಕುವೆಂಪುನಗರದಪ್ಪ · ಏಪ್ರಿಲ್ 22, ಸಂಜೆ 6:30

ಹಳೇ ಚರ್ಚೆ ಎತ್ತಿದ್ದಕ್ಕೆ ಕ್ಷಮಿಸಿ. ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ.

ಶಾಲೆಗೆ ರಜೆ, ನಾನೂ ಅರ್ಧ ದಿನ ರಜೆ ಹಾಕಿದೆ. 12 ಗಂಟೆಗೇ ಮಾಳಿಗೆ ಹತ್ತಿದೆವು. ಒಂದು ಚೊಂಬು, ಒಂದು ಒಳಕಲ್ಲಿನ ಗುಂಡು, ಒಂದು ಡಬ್ಬಿ ಇಟ್ಟೆವು. ಸುಡುವ ನೆಲ, ಮಗಳಿಗೆ ಚಪ್ಪಲಿ ಹಾಕಿಸಿದ್ದೆ. ಚೊಂಬಿನ ನೆರಳು ಕುಗ್ಗುತ್ತಾ ಕುಗ್ಗುತ್ತಾ 12:20ಕ್ಕೆ ಇಲ್ಲವೇ ಇಲ್ಲ. ಡಬ್ಬಿಯದೂ ಇಲ್ಲ. ಸೂರ್ಯ ನೆತ್ತಿ ಮೇಲೆ, ಅದಕ್ಕೇ ನೆರಳು ಪಕ್ಕಕ್ಕೆ ಬೀಳಲ್ಲ ಅಂತ ಹೆಂಡತಿ ಹೇಳಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿ ನಡೆಯಿತು.

ಆಮೇಲೆ ಮಗಳು ತನ್ನ ಸುತ್ತ ನೋಡಿಕೊಂಡಳು. ಮುಖ ಸಣ್ಣದಾಯಿತು. "ನನ್ನ ನೆರಳು ಎಲ್ಲಿ ಹೋಯ್ತು? ಸತ್ತೋಯ್ತಾ?" ಅಂದಳು. ತಾತನ ವಿಷಯ ನಾವು ಫೆಬ್ರವರಿಯಲ್ಲಿ ಹೇಳಿದ್ದೆವು, ಆ ಪದ ಅಲ್ಲಿಂದ ಬಂದದ್ದು. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಮ್ಮ ಮೆಟ್ಟಿಲ ಹತ್ತಿರ ಸೆರಗು ತಲೆಗೆ ಹೊದ್ದುಕೊಂಡು ನಿಂತಿದ್ದರು. "ಅಯ್ಯೋ, ಎಲ್ಲೂ ಹೋಗಿಲ್ಲ. ಬಿಸಿಲು ಜಾಸ್ತಿ ಅಂತ ನಿನ್ನ ಕಾಲ ಕೆಳಗೆ ಹೋಗಿ ಮಲಗಿದೆ" ಅಂದರು.

ಮಗಳು ಒಂದು ಕಾಲು ಎತ್ತಿ ಬಗ್ಗಿ ನೋಡಿದಳು. ಇತ್ತು. ಇನ್ನೊಂದು ಕಾಲು ಎತ್ತಿದಳು. ಅಲ್ಲೂ ಇತ್ತು. ಆಮೇಲೆ ಎರಡೂ ಕಾಲ ಕೆಳಗೆ ಒಟ್ಟಿಗೆ ನೋಡಬೇಕು ಅಂತ ಹತ್ತು ನಿಮಿಷ ನೆಗೆದಳು.

ಹಾಸನದ ಮೇಷ್ಟ್ರು · ಏಪ್ರಿಲ್ 22, ರಾತ್ರಿ 8:00

ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ. ಆಗಸ್ಟ್ 20ರ ಆಸುಪಾಸು ಮತ್ತೆ ಬರುತ್ತೆ. ಆದರೆ ಮಳೆಗಾಲ, ಮೋಡ ಇರಬಹುದು.

ಕುವೆಂಪುನಗರದಪ್ಪ · ಏಪ್ರಿಲ್ 22, ರಾತ್ರಿ 8:12

ಅದನ್ನು ಈಗಲೇ ಹೇಳಲ್ಲ ಸರ್. ಹೇಳಿದರೆ ನಾಳೆಯಿಂದ ದಿನಾ ಕೇಳ್ತಾಳೆ, ಆಗಸ್ಟ್ ಯಾಕೆ ಇನ್ನೂ ಬಂದಿಲ್ಲ ಅಂತ.